ಎರಡು ಸೇತುವೆ ನಡುವಿನ ಊರು

ಅಕ್ಕನ ಮಗಳು ಎಂಟನೇ ಕ್ಲಾಸು. ಕಳೆದ ಜೂನಿನಲ್ಲಿ ಒಂದು ಭಾನುವಾರ ಫೋನು ಮಾಡಿ, "ಮಾಮ, ಸ್ಕೂಲಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಅವರವರ ಊರಿನ ಐದು ಜನ ಪ್ರಸಿದ್ಧರ ಬಗ್ಗೆ ಬರೀಬೇಕಂತೆ. ಆ ಊರಲ್ಲೇ ಹುಟ್ಟಿರಬೇಕು, ಅದು ಕಂಡಿಷನ್ನು. ಬೆಂಗಳೂರು ಅಂತ ಬರೆದ್ರೆ ಕ್ಲಾಸಲ್ಲಿ ಎಲ್ಲರದ್ದೂ ಒಂದೇ ಆಗುತ್ತೆ. ನಿಮ್ಮೂರು ಹಾಕ್ಲಾ?" ಅಂದಳು.

ನಮ್ಮೂರು ಅಂದರೆ ಶ್ರೀರಂಗಪಟ್ಟಣ. "ಐದೇನೇ, ಐವತ್ತು ಕೊಡ್ತೀನಿ ಇರು," ಅಂದೆ. ಜಂಬ ಇರೋದಿಲ್ವೇ? ಪಠ್ಯಪುಸ್ತಕದಲ್ಲಿ ಹೆಸರಿರುವ ಊರು. ಲಂಡನ್ನಿನ ಮ್ಯೂಸಿಯಮ್ಮಿನಲ್ಲಿ ನಮ್ಮೂರಿನಿಂದ ಹೊತ್ತೊಯ್ದ ಮರದ ಹುಲಿ ಇದೆ. ಪೆನ್ನು ಹಾಳೆ ತಗೊಂಡು ಕೂತೆ. ಸಂಜೆ ಹೊತ್ತಿಗೆ ನನ್ನ ಪಟ್ಟಿಯಲ್ಲಿ ಉಳಿದದ್ದು ಒಂದೂವರೆ ಹೆಸರು.

ಊರಿನ ಬಗ್ಗೆ ಮೊದಲು ಎರಡು ಮಾತು. ನಮ್ಮದು ದ್ವೀಪ ಅಂತ ನಮಗೇ ನೆನಪಿರುವುದಿಲ್ಲ. ಮೈಸೂರು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರಿಗೆ ಮೊದಲು ಒಂದು ಸೇತುವೆ, ನೀರು, ಬಂಡೆ. ಆಮೇಲೆ ಕೋಟೆ ಗೋಡೆ, ಕಬ್ಬಿನ ಹಾಲಿನ ಅಂಗಡಿ, ಬಸ್ ಸ್ಟ್ಯಾಂಡು. ಮತ್ತೆ ಒಂದು ಸೇತುವೆ, ನೀರು, ಬಂಡೆ. ಅಷ್ಟರೊಳಗೆ ಊರು ಮುಗಿಯಿತು. ಕಾವೇರಿ ಎರಡು ಕವಲಾಗಿ ಒಡೆದು, ಮೂರು ಮೈಲಿ ಉದ್ದ ಒಂದು ಮೈಲಿ ಅಗಲದ ನೆಲವನ್ನು ತಬ್ಬಿಕೊಂಡು, ಸಂಗಮದ ಹತ್ತಿರ ಮತ್ತೆ ಕೂಡಿಕೊಳ್ಳುತ್ತಾಳೆ. ಪಶ್ಚಿಮದ ತುದಿಯಲ್ಲಿ ಕೋಟೆ, ಅದರಾಚೆ ಗಂಜಾಂ, ಪೂರ್ವದ ತುದಿಯಲ್ಲಿ ಗುಂಬಜ್ ಮತ್ತು ಸಂಗಮ. ಆಡಳಿತಕ್ಕೊಂದು ಪುರಸಭೆ. ಸುತ್ತಲಿನ ಹಳ್ಳಿಯವರು ಪೂರ್ತಿ ಹೆಸರು ಹೇಳುವುದಿಲ್ಲ, "ಪಟ್ಟಣಕ್ಕೆ ಓಗಿದ್ದೆ" ಅನ್ನುತ್ತಾರೆ, ಭೂಮಿ ಮೇಲೆ ಇದೊಂದೇ ಪಟ್ಟಣ ಇರುವ ಹಾಗೆ. 2023ರಲ್ಲಿ ಹೊಸ ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಬೈಪಾಸಿನಲ್ಲಿ ಹೋಗುವವರಿಗೆ ಆ ಎರಡು ಸೇತುವೆಯೂ ಇಲ್ಲ, ಪಟ್ಟಣವೂ ಇಲ್ಲ.

ಸರಿ, ಪಟ್ಟಿಗೆ ಬರೋಣ. ಕ್ರಮವಾಗಿ ಬರೆಯೋಣ ಅಂತ ಊರಿನ ಮೊದಲನೇ ನಿವಾಸಿಯಿಂದಲೇ ಶುರು ಮಾಡಿದೆ. ಅವನು ರಂಗನಾಥ. ತಲಕಾಡು ಗಂಗರ ಕಾಲದಲ್ಲಿ, 894ರಲ್ಲಿ, ತಿರುಮಲಯ್ಯ ಅನ್ನುವ ಸಾಮಂತ ಗುಡಿ ಕಟ್ಟಿಸಿದ. ಕಾವೇರಿಯ ಮೂರು ದ್ವೀಪಗಳಲ್ಲಿ ಮೂವರು ರಂಗನಾಥರು: ನಮ್ಮವನು ಆದಿರಂಗ, ಶಿವನಸಮುದ್ರದವನು ಮಧ್ಯರಂಗ, ಶ್ರೀರಂಗದವನು ಅಂತ್ಯರಂಗ. ನಮ್ಮವನು ಆದಿಶೇಷನ ಮೇಲೆ ಮಲಗಿದ್ದಾನೆ, ಕಾಲ ಬಳಿ ಕಾವೇರಿ ಕೂತಿದ್ದಾಳೆ. ದೇವರಿಗೆ ಹುಟ್ಟಿದ ಊರು ಕೇಳುವುದು ತಪ್ಪಾಗುತ್ತದೆ ಅಂತ ಅವನನ್ನು ಪಟ್ಟಿಯಿಂದ ಬಿಟ್ಟೆ.

ಆಮೇಲೆ ಕೋಟೆ ಕಟ್ಟಿದವನು. 1454ರಲ್ಲಿ ವಿಜಯನಗರದ ಅರಸರ ಅಪ್ಪಣೆ ಪಡೆದು ಕೋಟೆ ಎಬ್ಬಿಸಿದ ತಿಮ್ಮಣ್ಣ ದಂಡನಾಯಕ ನಾಗಮಂಗಲದವನು. ಅವನಿಗೆ ನಿಧಿ ಸಿಕ್ಕಿತಂತೆ. ಹಾಳು ಬಿದ್ದಿದ್ದ ನೂರೊಂದು ಬಸದಿಗಳ ಕಲ್ಲು ತಂದು ಕಟ್ಟಿದನಂತೆ. ಅಂತೂ ಕೋಟೆಯ ಕಲ್ಲೂ ಪರಊರಿನದೇ. 1610ರಲ್ಲಿ ವಿಜಯನಗರದ ಪ್ರತಿನಿಧಿ ತಿರುಮಲರಾಯನ ಕೈಯಿಂದ ಕೋಟೆ ಪಡೆದ ರಾಜ ಒಡೆಯರು ಮೈಸೂರಿನವರು. ತಿರುಮಲರಾಯನ ಹೆಂಡತಿ ಅಲಮೇಲಮ್ಮನ ಶಾಪ ನಿಮಗೆಲ್ಲ ಗೊತ್ತು. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ. ಚಿಕ್ಕಂದಿನಲ್ಲಿ ಅಜ್ಜಿ ಈ ಕತೆ ಹೇಳುವಾಗ ನನಗೊಂದು ಅಸಮಾಧಾನ. ಜಗಳ ನಡೆದದ್ದು ನಮ್ಮೂರಿನ ಗುಡಿಯ ಒಡವೆಗೆ. ಮಂಗಳವಾರ ಶುಕ್ರವಾರ ಆ ಒಡವೆ ಹಾಕಿಕೊಳ್ಳುತ್ತಿದ್ದವಳು ನಮ್ಮೂರಿನ ರಂಗನಾಯಕಿ. ಶಾಪ ಮಾತ್ರ ಮೂರು ಬೇರೆ ಕಡೆಗೆ ಹೋಯಿತು, ನಮಗೆ ಒಂದು ಸಾಲೂ ಇಲ್ಲ. "ನಮ್ಮೂರಿಗೆ ಯಾಕೆ ಶಾಪ ಕೊಡ್ಲಿಲ್ಲ ಅಜ್ಜಿ?" ಅಂದರೆ, "ಸುಮ್ನಿರೋ, ಬಿಡ್ತು ಅನ್ನು," ಅಂತ ತಲೆಗೆ ಮೊಟಕುತ್ತಿದ್ದಳು.

ಅದೇ 1610ರಲ್ಲಿ ದಸರಾ ಶುರುವಾಯಿತು. ಈಗ ಮೈಸೂರು ದಸರಾ ಅನ್ನುವುದರ ಹುಟ್ಟೂರು ನಮ್ಮ ದ್ವೀಪ. ಕಂಠೀರವ ನರಸರಾಜ ಒಡೆಯರ ಕಾಲದ ಮಹಾನವಮಿಯನ್ನು ಗೋವಿಂದ ವೈದ್ಯ 1648ರಲ್ಲಿ ಸಾಂಗತ್ಯದಲ್ಲಿ ಬೀದಿ ಬೀದಿಯಾಗಿ ಬಣ್ಣಿಸಿದ್ದಾನೆ. ಇದೇ ಕಂಠೀರವರು ಕಾವೇರಿಗೆ ಅಡ್ಡಲಾಗಿ ಒಡ್ಡು ಹಾಕಿಸಿದಾಗ ನದಿಯಲ್ಲಿ ಸಣ್ಣ ಸಣ್ಣ ನಡುಗಡ್ಡೆಗಳು ಎದ್ದವು, ಅವುಗಳ ಮೇಲೆ ಹಕ್ಕಿ ಬಂದು ಕೂತವು. ಮುನ್ನೂರು ವರ್ಷ ಕಳೆದು ಸಲೀಂ ಅಲಿ ನೋಡಿ ಹೇಳಿದ ಮೇಲೆ 1940ರಲ್ಲಿ ಅದು ರಂಗನತಿಟ್ಟು ಪಕ್ಷಿಧಾಮ ಆಯಿತು. ಅಲ್ಲಿಯ ಪ್ರಸಿದ್ಧರಲ್ಲೂ ಅನೇಕರು ವಲಸೆ ಬಂದವರೇ, ಬಿಡಿ.

ಚಿಕ್ಕದೇವರಾಜರ ಆಸ್ಥಾನಕ್ಕೆ ಬಂದಾಗ ಸ್ವಲ್ಪ ಆಸೆ ಚಿಗುರಿತು. 1673ರಿಂದ 1704ರವರೆಗೆ ಈ ದ್ವೀಪದ ಮೇಲೆ ಕನ್ನಡ ಸಾಹಿತ್ಯದ ಅರ್ಧ ಚರಿತ್ರೆ ಕೂತಿತ್ತು. ದೊರೆಯ ಬಾಲ್ಯದ ಗೆಳೆಯ, ಮಂತ್ರಿ ತಿರುಮಲಾರ್ಯ. ಅವನ ತಮ್ಮ ಸಿಂಗರಾರ್ಯ ಬರೆದ ಮಿತ್ರವಿಂದಾ ಗೋವಿಂದ ಕನ್ನಡದಲ್ಲಿ ನಮಗೆ ಉಳಿದಿರುವ ಮೊದಲ ನಾಟಕ. ಅರಮನೆಯಲ್ಲಿ ಎಲೆಅಡಿಕೆ ಸಂಚಿ ಹಿಡಿದು ನಿಂತಿದ್ದ ಹೊನ್ನಮ್ಮ ಹೆಣ್ಣಿನ ಬಾಳಿನ ಬಗ್ಗೆ ಸಾಂಗತ್ಯ ಬರೆದಳು. ಅಕ್ಕನ ಮಗಳಿಗೆ ಹೊನ್ನಮ್ಮ ಚೆನ್ನಾಗಿರುತ್ತೆ ಅಂದುಕೊಂಡೆ. ನೋಡಿದರೆ ಹೊನ್ನಮ್ಮ ಯಳಂದೂರಿನವಳು.

ಹಾಗೇ ಹೈದರನ ಹತ್ತಿರ ಬಂದೆ. ಹೈದರ್ ಅಲಿ ಹುಟ್ಟಿದ್ದು ಕೋಲಾರದ ಕಡೆಯ ಬೂದಿಕೋಟೆಯಲ್ಲಿ. ಸತ್ತದ್ದು 1782ರ ಡಿಸೆಂಬರಿನಲ್ಲಿ, ಚಿತ್ತೂರಿನ ಹತ್ತಿರದ ದಂಡಿನ ಬಿಡಾರದಲ್ಲಿ. ಮೊದಲು ಕೋಲಾರದಲ್ಲಿ ಇಟ್ಟು, ಆಮೇಲೆ ಇಲ್ಲಿಗೆ ತಂದು ಹೂಳಿದರು. ಟಿಪ್ಪು ಹುಟ್ಟಿದ್ದು ದೇವನಹಳ್ಳಿಯಲ್ಲಿ, ಈಗ ವಿಮಾನ ಇಳಿಯುತ್ತದಲ್ಲ, ಅದರ ಪಕ್ಕದಲ್ಲಿ. ಅಪ್ಪ, ಅಮ್ಮ, ಮಗ ಮೂವರೂ ಗುಂಬಜಿನಲ್ಲಿ ಮಲಗಿದ್ದಾರೆ. ಟಿಪ್ಪು ವಿಚಾರದ ಜಗಳಕ್ಕೆ ಈ ಬರಹದಲ್ಲಿ ಜಾಗ ಕೊಡುವುದಿಲ್ಲ, ಬೇಕಾದವರು ಟಿವಿ ಹಾಕಿಕೊಳ್ಳಿ. ಆದರೆ ಊರು ಈಗ ಹೇಗಿದೆಯೋ ಹಾಗೆ ಇರುವುದಕ್ಕೆ ಕಾರಣ ಆ ಹದಿನೇಳು ವರ್ಷ, ಅದನ್ನು ದಾಟಿ ಹೋಗಲಾಗುವುದಿಲ್ಲ. 1784ರಲ್ಲಿ ದರಿಯಾ ದೌಲತ್ ಬೇಸಿಗೆ ಅರಮನೆ. ಅದರ ಪಡುವಣ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರ: ಸುತ್ತ ಕುದುರೆಗಳು, ನಡುವೆ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚಿಕೊಳ್ಳುತ್ತಿರುವ, ಸೋತ ಇಂಗ್ಲಿಷ್ ದಂಡಿನ ಕರ್ನಲ್ ಬೈಲಿ. ಆ ಬೈಲಿ 1782ರಲ್ಲಿ ಸತ್ತದ್ದೂ ನಮ್ಮೂರಿನ ಸೆರೆಯಲ್ಲೇ.

ಟಿಪ್ಪು ಕೋಟೆಯ ಹೊರಗೆ ಶಹರ್ ಗಂಜಾಂ ಕಟ್ಟಿಸಿದ. ಬೀದಿ ಎಳೆದದ್ದಾಯಿತು, ಜನ ಎಲ್ಲಿ? ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಎಬ್ಬಿಸಿ ತಂದು ಇಲ್ಲಿ ಕೂರಿಸಿದರು ಅಂತ ಗೆಜೆಟಿಯರಿನಲ್ಲಿ ಒಂದೇ ಸಾಲಿನಲ್ಲಿದೆ. ಆ ಸಾಲಿನ ಮುಂದೆ ನಾನು ತುಂಬ ಹೊತ್ತು ಕೂತೆ. ಶಿರಾ ಬಯಲುಸೀಮೆ, ಬಾವಿಯಲ್ಲಿ ಹಗ್ಗ ಇಳಿಸಿ ಇಳಿಸಿ ನೀರು ಸೇದುವ ಊರು. ಅಲ್ಲಿಂದ ಪಾತ್ರೆ ಪಗಡೆ, ಮುದುಕರು, ಮೇಕೆ, ಮಗ್ಗ ಎಲ್ಲ ಗಾಡಿಗೆ ಹೇರಿಕೊಂಡು ಬಂದವರು ಸುತ್ತಲೂ ನೀರು ಹರಿಯುವ ನೆಲದ ಮೇಲೆ ಇಳಿದಾಗ ಏನನ್ನಿಸಿರಬಹುದು? ನಾನು ಹುಟ್ಟಿದ್ದು ಅದೇ ಗಂಜಾಂನಲ್ಲಿ. ನಮ್ಮ ಮನೆಯ ಹಿಂದೆ ಅಂಜೂರದ ತೋಟ ಇತ್ತು. ಗಂಜಾಂ ಅಂಜೂರಕ್ಕೆ ಮೈಸೂರಿನವರೆಗೂ ಹೆಸರು. ಹಣ್ಣು ಕಿತ್ತಾಗ ತೊಟ್ಟಿನಿಂದ ಜಿನುಗುವ ಹಾಲು ತುಟಿಗೆ ತಗುಲಿ ಸಂಜೆಗೆ ಉರಿ ಶುರುವಾಗುತ್ತಿತ್ತು, ಕದ್ದು ತಿಂದದ್ದು ಅಜ್ಜಿಗೆ ಗೊತ್ತಾಗುತ್ತಿದ್ದದ್ದು ಹಾಗೇ.

ಯುದ್ಧದ ಕತೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ನೀರು. 1791ರ ಮೇ ತಿಂಗಳಲ್ಲಿ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಅರಕೆರೆಯವರೆಗೆ ಬಂದು, ಮಳೆ ಹಿಡಿದು, ಎತ್ತು ಸತ್ತು, ದಂಡಿಗೆ ಹಿಟ್ಟಿಲ್ಲದೆ, ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ವಾಪಸ್ಸು ಹೋದ. ಮುಂದಿನ ವರ್ಷ ಮಳೆಗಾಲಕ್ಕೆ ಮೊದಲೇ, ಫೆಬ್ರವರಿಯಲ್ಲಿ ಬಂದ. ಆಗ ಒಪ್ಪಂದವಾಗಿ ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಒತ್ತೆಗೆ ಇಬ್ಬರು ಗಂಡುಮಕ್ಕಳು ಹೋದರು. 1799ರಲ್ಲೂ ಲೆಕ್ಕ ಅದೇ. ಜೂನಿನ ಹೊಳೆ ಬಂದುಬಿಟ್ಟರೆ ಕೋಟೆ ಉಳಿಯುತ್ತದೆ, ಬರುವುದರೊಳಗೆ ಗೋಡೆ ಒಡೆದರೆ ಹೋಯಿತು. ಮೇ 4ರ ಮಧ್ಯಾಹ್ನ, ಊಟ ಮಾಡಿ ನೆರಳು ಹುಡುಕುವ ಹೊತ್ತಿನಲ್ಲಿ, ಕವಲಿನ ಬಂಡೆಗಳ ಮೇಲೆ ಹಾದು ಬಂದು ನುಗ್ಗಿದರು. ಇಂಗ್ಲಿಷ್ ದಂಡಿನ ಮುಂದೆ ನಿಂತವನು ಡೇವಿಡ್ ಬೇರ್ಡ್. ಅವನೂ ಪೊಳ್ಳಿಲೂರಿನಲ್ಲಿ ಸೆರೆಸಿಕ್ಕಿ ಮೂರು ವರ್ಷಕ್ಕೂ ಹೆಚ್ಚು ಇದೇ ಕೋಟೆಯಲ್ಲಿ ಬೇಡಿ ಹಾಕಿಸಿಕೊಂಡು ಕೂತಿದ್ದವನು. ಸೆರೆಯಾಳುಗಳನ್ನು ಇಬ್ಬಿಬ್ಬರನ್ನಾಗಿ ಜೋಡಿಸಿ ಕಟ್ಟಿದ್ದಾರಂತೆ ಅನ್ನುವ ಸುದ್ದಿ ಸ್ಕಾಟ್‌ಲೆಂಡಿನಲ್ಲಿದ್ದ ಅವನ ತಾಯಿಗೆ ಮುಟ್ಟಿದಾಗ, "ನಮ್ಮ ಡೇವಿ ಜೊತೆ ಕಟ್ಟಿಸಿಕೊಂಡವನನ್ನು ದೇವರೇ ಕಾಪಾಡಬೇಕು," ಅಂದಳಂತೆ. ಇಡೀ ಯುದ್ಧದಲ್ಲಿ ನಗು ಬರುವ ಮಾತು ಇದೊಂದೇ.

ಟಿಪ್ಪುವಿನ ದೇಹ ಸಿಕ್ಕ ಜಾಗ ಈಗ ಕೋಟೆ ಒಳಗೆ ಒಂದು ಸಣ್ಣ ಕಟಾಂಜನದ ಆವರಣ, ಒಂದು ಕಲ್ಲುಫಲಕ. ಗೈಡುಗಳು ಅಲ್ಲಿ ಹತ್ತು ನಿಮಿಷ ನಿಲ್ಲಿಸುತ್ತಾರೆ.

ಈಗ ನನ್ನ ಒಂದೂವರೆ ಹೆಸರು. ಆ ಮಧ್ಯಾಹ್ನ ಊರಲ್ಲಿ ಒಬ್ಬ ಹುಡುಗ ಇದ್ದ. ಐದು ತುಂಬಲು ಇನ್ನೂ ಎರಡು ತಿಂಗಳು ಬಾಕಿ. 1794ರ ಜುಲೈ 14ರಂದು ಇದೇ ದ್ವೀಪದಲ್ಲಿ ಹುಟ್ಟಿದವನು. 1796ರಲ್ಲಿ ಅವನ ಅಪ್ಪ ಖಾಸಾ ಚಾಮರಾಜ ಒಡೆಯರು ತೀರಿಕೊಂಡಾಗ ಹೊಸ ಅರಸನನ್ನು ಕೂರಿಸಲಿಲ್ಲ. ಅರಮನೆಯ ಸಾಮಾನು ಹೊರಗೆ ಹೋಯಿತು, ಹೆಂಗಸರು ಮಕ್ಕಳು ಒಂದು ಸಾಧಾರಣ ಮನೆಗೆ ಸೇರಿದರು. ಮನೆ ಹಿರಿಯಳು ಲಕ್ಷ್ಮಮ್ಮಣ್ಣಿ. ದಶಕಗಳ ಕಾಲ ಗುಟ್ಟಾಗಿ ಮದರಾಸಿನ ಇಂಗ್ಲಿಷರಿಗೆ ಕಾಗದ ಬರೆಸಿ, ಸಂಧಾನ ಮಾಡಿ, ಸೋತು, ಮತ್ತೆ ಬರೆಸಿದವಳು. ಇತಿಹಾಸದ ಪುಸ್ತಕಗಳಲ್ಲಿ ಅವಳಿಗೆ ಎರಡು ಪ್ಯಾರಾ. ನನ್ನ ಕೇಳಿದರೆ ಆ ಕಾಲದ ಪಟ್ಟಣದಲ್ಲಿ ಅವಳಷ್ಟು ತಾಳ್ಮೆಯ ರಾಜಕಾರಣಿ ಇನ್ನೊಬ್ಬರಿರಲಿಲ್ಲ, ದಿವಾನರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಕೋಟೆ ಬಿದ್ದು ಎರಡು ತಿಂಗಳೂ ಆಗಿರಲಿಲ್ಲ, ಜೂನ್ 30ರಂದು ಆ ಹುಡುಗನನ್ನು ಮೈಸೂರಿಗೆ ಕರೆದೊಯ್ದು, ಅಲ್ಲಿ ಅರಮನೆಯೇ ಇಲ್ಲದ್ದರಿಂದ ಚಪ್ಪರ ಹಾಕಿ ಪಟ್ಟ ಕಟ್ಟಿದರು. ಮುಮ್ಮಡಿ ಕೃಷ್ಣರಾಜ ಒಡೆಯರು. ಪಂಡಿತರನ್ನು ಸಾಕಿದರು, ಚದುರಂಗದಲ್ಲಿ ಕುದುರೆಯನ್ನು ಅರವತ್ತನಾಲ್ಕು ಮನೆಗೂ ಒಂದೊಂದೇ ಸಲ ನಡೆಸುವ ಒಗಟುಗಳನ್ನು ಕಟ್ಟಿದರು. 1831ರಲ್ಲಿ ಆಡಳಿತ ಕಳೆದುಕೊಂಡು, ಅದನ್ನು ವಾಪಸ್ಸು ಕೇಳುತ್ತಲೇ 1868ರಲ್ಲಿ ತೀರಿಕೊಂಡರು. ಹುಟ್ಟು ಪಟ್ಟಣ, ಬದುಕು ಪೂರ್ತಿ ಮೈಸೂರು. ಅವರು ಮೈಸೂರಿಗೆ ಹೋದಾಗ ರಾಜಧಾನಿಯೂ ಹೋಯಿತು, ದಸರಾವೂ ಹೋಯಿತು. ಆದರೂ ಹುಟ್ಟಿದ್ದು ಇಲ್ಲೇ ತಾನೇ? ಪಟ್ಟಿಯಲ್ಲಿ ಒಂದು ಅಂತ ಬರೆದೆ.

ಅರ್ಧ ಹೆಸರು ಅದೇ ಮೇ ತಿಂಗಳಲ್ಲಿ ಊರಲ್ಲಿದ್ದ ಇನ್ನೊಬ್ಬ ಪುಟ್ಟ ಹುಡುಗನದು, ಟಿಪ್ಪುವಿನ ಕೊನೆಯ ಮಗ ಗುಲಾಂ ಮುಹಮ್ಮದ್. ಆಗ ಅವನಿಗೆ ಸುಮಾರು ನಾಲ್ಕು ವರ್ಷ. ಅಣ್ಣಂದಿರ ಜೊತೆ ಅವನನ್ನೂ ವೆಲ್ಲೂರಿಗೆ ಸಾಗಿಸಿದರು. 1806ರ ವೆಲ್ಲೂರು ದಂಗೆಯ ಮೇಲೆ ಅಲ್ಲಿಂದಲೂ ಎಬ್ಬಿಸಿ ಕಲ್ಕತ್ತೆಗೆ ಕಳಿಸಿದರು. 1842ರಲ್ಲಿ ಅವನು ಧರ್ಮತಲಾದಲ್ಲಿ ಕಟ್ಟಿಸಿದ ಮಸೀದಿಯ ಎದುರು ಈಗ ದಿನಕ್ಕೆ ಲಕ್ಷ ಜನ ಬಸ್ಸು ಹತ್ತಿ ಇಳಿಯುತ್ತಾರೆ. ಒಮ್ಮೆ ಆಫೀಸಿನ ಕೆಲಸಕ್ಕೆ ಕೋಲ್ಕತಾಗೆ ಹೋಗಿದ್ದಾಗ ಫುಟ್‌ಪಾತಿನಲ್ಲಿ ನಿಂತು ಅದನ್ನು ನೋಡಿದೆ. ಪಕ್ಕದಲ್ಲಿ ಶರಬತ್ತು ಮಾರುವವನಿಗೆ ನನ್ನ ಮುರುಕು ಹಿಂದಿಯಲ್ಲಿ, "ಇದನ್ನು ಕಟ್ಟಿಸಿದವನು ನಮ್ಮೂರಿನವನು," ಅಂದೆ. ಅವನು ಶರಬತ್ತಿನ ದುಡ್ಡು ಕೇಳಿದ. ಹುಟ್ಟಿದ್ದು ಇಲ್ಲೇ ಅಂತ ಬರೆದ ಕಾಗದವನ್ನು ನಾನು ಕಣ್ಣಾರೆ ಕಂಡವನಲ್ಲ, ಅದಕ್ಕೇ ಅರ್ಧ.

ಜನ ಹೋದದ್ದು ಹಾಗಿರಲಿ, ಮನೆಯ ತೊಲೆಗಳೂ ಹೋದವು. ಟಿಪ್ಪುವಿನ ಲಾಲ್ ಮಹಲ್ ಅರಮನೆ ಕೆಡವಿದಾಗ ಅದರ ದೊಡ್ಡ ತೊಲೆಗಳನ್ನು ಹೊತ್ತುಕೊಂಡು ನೀಲಗಿರಿ ಹತ್ತಿ, ಊಟಿಯಲ್ಲಿ 1830ರ ಸುಮಾರಿಗೆ ಕಟ್ಟಿದ ಸೇಂಟ್ ಸ್ಟೀಫನ್ ಚರ್ಚಿಗೆ ಹಾಕಿದರು. ಊಟಿಗೆ ಹನಿಮೂನಿಗೆ ಹೋದವರು ಆ ಚರ್ಚಿನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ನಾನೂ ತೆಗೆಸಿಕೊಂಡಿದ್ದೆ. ತಲೆ ಮೇಲೆ ನಮ್ಮೂರಿನ ಮರ ಇದೆ ಅಂತ ಆಗ ಗೊತ್ತಿರಲಿಲ್ಲ.

1799ರ ಒಪ್ಪಂದದಲ್ಲಿ ರಾಜ್ಯ ಒಡೆಯರಿಗೆ ಬಂತು, ದ್ವೀಪ ಮಾತ್ರ ಈಸ್ಟ್ ಇಂಡಿಯಾ ಕಂಪನಿಯವರ ಸ್ವಂತಕ್ಕೆ ಉಳಿಯಿತು. ಮುಂದೆ ವರ್ಷಕ್ಕೆ ಐವತ್ತು ಸಾವಿರ ರೂಪಾಯಿ ಗುತ್ತಿಗೆಗೆ ಮೈಸೂರಿಗೇ ಬಾಡಿಗೆ ಕೊಟ್ಟರು. ಕಂಪನಿಯ ಸಿಪಾಯಿಗಳಿಗೆ ಇಲ್ಲಿ ಉಳಿಯಲಾಗಲಿಲ್ಲ. ಚಳಿಜ್ವರ. ಕಾಲುವೆ, ಗದ್ದೆ, ಕಂದಕದ ನಿಂತ ನೀರು, ಸೊಳ್ಳೆ. ಸಾಲು ಸಾಲಾಗಿ ಸತ್ತರು. ದಂಡನ್ನು ಹಂತ ಹಂತವಾಗಿ ಬೆಂಗಳೂರಿಗೆ ಎತ್ತಿದರು. 1811ರ ಹೊತ್ತಿಗೆ ಇಲ್ಲಿನ ಪಾಳೆಯ ಖಾಲಿ. ಹಾಗೆ ಹೋದ ದಂಡಿಗಾಗಿ ಹುಟ್ಟಿದ್ದು ಬೆಂಗಳೂರು ಕಂಟೋನ್ಮೆಂಟು. 1881ರಲ್ಲಿ ಆ ಕಂಟೋನ್ಮೆಂಟ್ ಜಾಗವನ್ನು ಬ್ರಿಟಿಷರು ತಮಗಿಟ್ಟುಕೊಂಡು ಅದಕ್ಕೆ ಬದಲಾಗಿ ನಮ್ಮ ದ್ವೀಪವನ್ನು ಮೈಸೂರಿಗೆ ಬಿಟ್ಟುಕೊಟ್ಟರು. ಎಂ.ಜಿ. ರೋಡು, ಬ್ರಿಗೇಡ್ ರೋಡು, ಕಮರ್ಷಿಯಲ್ ಸ್ಟ್ರೀಟು ಒಂದು ತಕ್ಕಡಿಯಲ್ಲಿ, ನಮ್ಮ ಪಟ್ಟಣ ಇನ್ನೊಂದರಲ್ಲಿ. ಈಗಿನ ರಿಯಲ್ ಎಸ್ಟೇಟಿನವರ ಮುಂದೆ ಈ ವ್ಯವಹಾರ ಹೇಳಿದರೆ ಎದೆ ಒಡೆದುಕೊಂಡಾರು. ಹಾಗೆ ನೋಡಿದರೆ ಶ್ರೀರಂಗಪಟ್ಟಣದಲ್ಲಿ ಹುಟ್ಟಿ ಬೇರೆ ಕಡೆ ಹೋಗಿ ಹೆಸರು ಮಾಡಿದ ಸಂತಾನ ಆ ಕಂಟೋನ್ಮೆಂಟೇ. ಫೋಟೋ ಅಂಟಿಸಲೂ ಸುಲಭ. ಆದರೆ ಟೀಚರು ಒಪ್ಪಬೇಕಲ್ಲ?

ಕಂಪನಿಯ ಪರವಾಗಿ ಮೈಸೂರು ಸೀಮೆ ಸುತ್ತಿ ಬರೆದ ಬುಕಾನನ್ 1800ರಲ್ಲಿ ಬಂದಾಗ ದ್ವೀಪದ ಮೇಲೆ ಸುಮಾರು 32 ಸಾವಿರ ಜನ ಇದ್ದರು ಅಂತ ಬರೆದಿದ್ದಾನೆ. ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷ ಇದ್ದಿರಬೇಕು ಅಂತ ಅವನ ಅಂದಾಜು. 1901ರ ಜನಗಣತಿಯಲ್ಲಿ 8,584. ನಮ್ಮ ಕಾಲದ 2001ರಲ್ಲಿ 23,448. ಎರಡು ಶತಮಾನ ಕಳೆದರೂ ಊರು ಬುಕಾನನ್ ಕಂಡಷ್ಟಕ್ಕೂ ಮರಳಿರಲಿಲ್ಲ.

ಆ ಜ್ವರದವರನ್ನು ನೋಡಬೇಕಾದರೆ ಗ್ಯಾರಿಸನ್ ಸಿಮೆಟರಿಗೆ ಹೋಗಬೇಕು. ಚಿಕ್ಕಂದಿನಲ್ಲಿ ಅದು ಲಂಟಾನ ಪೊದೆ, ನಾವು ಕ್ರಿಕೆಟ್ ಬಾಲು ಹೋದರೂ ಒಳಗೆ ಕಾಲಿಡುತ್ತಿರಲಿಲ್ಲ. ಡಿ ಮ್ಯೂರಾನ್ ಅಂತ ಸ್ವಿಟ್ಜರ್ಲೆಂಡಿನ ಬಾಡಿಗೆ ಸೈನ್ಯವೊಂದಿತ್ತು, ಮೊದಲು ಡಚ್ಚರಿಗೆ, ಆಮೇಲೆ ಇಂಗ್ಲಿಷರಿಗೆ ದುಡಿದದ್ದು. ಅದರ ಅನೇಕರು ಇಲ್ಲಿದ್ದಾರೆ. ಆ ಮನೆತನದವರು ಎರಡು ಶತಮಾನದ ಮೇಲೆ ಹುಡುಕಿಕೊಂಡು ಬಂದು ಮುನ್ನೂರು ಚಿಲ್ಲರೆ ಗೋರಿಗಳನ್ನು ದುರಸ್ತಿ ಮಾಡಿಸಿದರು. ಈಗ ಸುಣ್ಣ ಹೊಡೆದು ಚೊಕ್ಕವಾಗಿದೆ. ಹೋದ ತಿಂಗಳು ಹೋದಾಗ ಒಂದು ಗೋರಿಯ ನೆರಳಲ್ಲಿ ನಾಯಿ ಮಲಗಿತ್ತು, ಇನ್ನೊಂದರ ಮೇಲೆ ಯಾರೋ ಒಗೆದ ಶರ್ಟು ಒಣಗಲು ಹಾಕಿದ್ದರು. ಫಲಕಗಳಲ್ಲಿ ವಯಸ್ಸು ಓದುತ್ತಾ ಹೋದರೆ ಸಾಕು, ಕತೆ ಬೇಡ. ಇಪ್ಪತ್ತರ ಹುಡುಗರು, ಹೆಂಡಂದಿರು, ತಿಂಗಳ ಲೆಕ್ಕದ ಕೂಸುಗಳು. ಆ ಕೂಸುಗಳು ಹುಟ್ಟಿದ್ದೂ ಇಲ್ಲೇ ಇರಬೇಕು. ಎಂಟನೇ ಕ್ಲಾಸಿನ ಪ್ರಾಜೆಕ್ಟಿಗೆ ಅದನ್ನು ಬರೆಸುವುದುಂಟೇ?

ಬಂದು ಇಲ್ಲಿ ನಿಂತವರು ಇದ್ದಾರೆ. ಅಬೆ ದುಬ್ವಾ, ಫ್ರಾನ್ಸಿನ ಪಾದ್ರಿ. ಟಿಪ್ಪು ಸತ್ತ ಮೇಲೆ ಇಲ್ಲಿನ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದು, ಗಂಜಾಂನಲ್ಲಿ ಚರ್ಚು ಕಟ್ಟಿಸಿದ. ಮಾಂಸ ಬಿಟ್ಟ, ಇಲ್ಲಿಯವರ ಉಡುಪು ಉಟ್ಟ. ಸಿಡುಬಿಗೆ ಲಸಿಕೆ ಅನ್ನುವುದು ಆಗತಾನೆ ಬಂದಿತ್ತು. ಮನೆ ಮನೆ ತಿರುಗಿ 1803-04ರಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ಹಾಕಿಸಿದ. ಲಸಿಕೆ ಹಾಕುವವರನ್ನು ಕಂಡರೆ ಹಿತ್ತಲ ಬಾಗಿಲಿಂದ ಓಡಿಹೋಗುವುದನ್ನು ಮೊನ್ನೆ ಮೊನ್ನೆ ಕೊರೋನದಲ್ಲೂ ನೋಡಿದೆವಲ್ಲ, ಆ ಕಾಲದಲ್ಲಿ 25 ಸಾವಿರ ಅಂದರೆ ತಮಾಷೆಯಲ್ಲ. ಹಿಂದೂಗಳ ಆಚಾರ ವ್ಯವಹಾರದ ಬಗ್ಗೆ ಅವನ ಹಸ್ತಪ್ರತಿಯನ್ನು ಕಂಪನಿ ದುಡ್ಡು ಕೊಟ್ಟು ಕೊಂಡಿತು. ಅದರ ಬಹುಪಾಲು ಇನ್ನೊಬ್ಬ ಪಾದ್ರಿಯ ಹಳೆಯ ಬರಹದಿಂದ ಎತ್ತಿದ್ದು ಅಂತ ಬಹಳ ತಡವಾಗಿ ಬಯಲಾಯಿತು. ಪುಸ್ತಕದಿಂದ ಬಂದ ಹೆಸರು ಸಾಲದ್ದು, ಲಸಿಕೆಯಿಂದ ಬರಬೇಕಾದದ್ದು ಬರಲಿಲ್ಲ. 1823ರಲ್ಲಿ ಪ್ಯಾರಿಸ್ಸಿಗೆ ಹೋದವನು ತಿರುಗಿ ಬರಲಿಲ್ಲ.

ಪೂರ್ಣಯ್ಯನವರು ಬಂದವರು, ಆದರೆ ಹೋಗಲಿಲ್ಲ. ಕೊಯಮತ್ತೂರು ಸೀಮೆಯ ಬಡ ಹುಡುಗ, ಅಂಗಡಿಯ ಲೆಕ್ಕ ಬರೆಯುತ್ತಾ ಬಂದು ಹೈದರನಿಗೆ, ಟಿಪ್ಪುವಿಗೆ, ಆಮೇಲೆ ಮುಮ್ಮಡಿಯವರಿಗೆ, ಮೂರು ಆಡಳಿತಕ್ಕೂ ಲೆಕ್ಕ ಒಪ್ಪಿಸಿದ. 1804ರಲ್ಲಿ ಕಾವೇರಿಗೆ ಕಲ್ಲಿನ ಸೇತುವೆ ಕಟ್ಟಿಸಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟ. ಕಮಾನಿಲ್ಲ, ಕುಸುರಿಯಿಲ್ಲ. ಕಂಬ ನಿಲ್ಲಿಸಿ ಮೇಲೆ ಚಪ್ಪಡಿ ಹಾಸಿದ್ದು. ಎರಡು ಶತಮಾನದ ಪ್ರವಾಹ ಅದರ ತಲೆ ಮೇಲೆ ಹರಿದಿದೆ. 1811ರಲ್ಲಿ ಕೆಲಸ ಬಿಟ್ಟು, 1812ರಲ್ಲಿ ಇಲ್ಲೇ ತೀರಿಕೊಂಡರು. ರಾಜಧಾನಿ ಮೈಸೂರಿಗೆ ಹೋದಮೇಲೂ ಈ ಮನುಷ್ಯ ಕೊನೆಗಾಲಕ್ಕೆ ಪಟ್ಟಣಕ್ಕೆ ಬಂದನಲ್ಲ ಅಂತ ನನಗೆ ಅವರ ಮೇಲೆ ಸ್ವಲ್ಪ ಹೆಚ್ಚು ಪ್ರೀತಿ. ಹುಟ್ಟಿನ ಕಂಡಿಷನ್ ಇಲ್ಲದಿದ್ದರೆ ನನ್ನ ಪಟ್ಟಿಯ ಮೊದಲ ಹೆಸರು ಅವರದೇ.

ಹುಟ್ಟೂ ಇಲ್ಲೇ ಬೇರೂ ಇಲ್ಲೇ ಅನ್ನಬಹುದಾದದ್ದು ಕಟ್ಟಡಗಳು ಮಾತ್ರ ಅಂದುಕೊಂಡಿದ್ದೆ. ಅದೂ ಸುಳ್ಳಾಯಿತು. ರೈಲು ಹಳಿ ಕೋಟೆಯನ್ನು ಸೀಳಿಕೊಂಡೇ ಹೋಗುತ್ತದೆ. ಜೋಡಿ ಹಳಿ ಹಾಕಬೇಕಾದಾಗ ದಾರಿಗೆ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದು ಅಡ್ಡ ಬಂತು. ಕೆಡವುವಂತಿಲ್ಲ, ಬಿಡುವಂತಿಲ್ಲ. 2017ರಲ್ಲಿ ಅಡಿಪಾಯದ ಕೆಳಗೆ ಉಕ್ಕಿನ ತೊಲೆ ತೂರಿಸಿ, ಸಾವಿರ ಟನ್ನಿನ ಇಡೀ ಕಟ್ಟಡವನ್ನು ಜ್ಯಾಕುಗಳ ಮೇಲೆ ಎತ್ತಿ, ನೂರು ಮೀಟರಿಗೂ ಆಚೆ ತಳ್ಳಿ ಕೂರಿಸಿದರು. ಆಗ ನಾನು ರಜೆ ಹಾಕಿ ನೋಡಲು ಹೋಗಿದ್ದೆ. ಎರಡು ತಾಸು ನಿಂತೆ. ಕಟ್ಟಡ ಸರಿದದ್ದು ಕಣ್ಣಿಗೆ ಕಾಣಲೇ ಇಲ್ಲ. ಪಕ್ಕದಲ್ಲಿ ನಿಂತಿದ್ದ ಹೆಂಗಸು ನೆಲದ ಮೇಲೆ ಕಡ್ಡಿಯಲ್ಲಿ ಗೀಟು ಹಾಕಿ ಇಟ್ಟುಕೊಂಡಿದ್ದಳು. ಹೊರಡುವಾಗ ತೋರಿಸಿದಳು: "ನೋಡಿ, ಇಲ್ಲಿದ್ದುದ್ದು ಇಲ್ಲಿಗ್ ಬಂತು." ಒಂದು ಗೇಣು.

ಇನ್ನು ಪಶ್ಚಿಮವಾಹಿನಿ. ಪೂರ್ವಕ್ಕೆ ಹೋಗಬೇಕಾದ ಕಾವೇರಿ ಅಲ್ಲಿ ಸ್ವಲ್ಪ ದೂರ ಪಶ್ಚಿಮಕ್ಕೆ ತಿರುಗುತ್ತಾಳೆ, ಅದಕ್ಕೇ ವಿಶೇಷ. 1948ರ ಫೆಬ್ರವರಿಯಲ್ಲಿ ಗಾಂಧೀಜಿಯ ಚಿತಾಭಸ್ಮದ ಒಂದು ಪಾಲು ಅಲ್ಲಿಗೆ ಬಂತು, ಅದರ ನೆನಪಿಗೆ ಸರ್ವೋದಯ ಮೇಳ ನಡೆಯುತ್ತಾ ಬಂದಿದೆ. ಯಾವ ದಿನ ಹೋದರೂ ಅಲ್ಲಿ ಕೈಯಲ್ಲಿ ಮಡಕೆ ಹಿಡಿದ, ತಲೆ ಬೋಳಿಸಿಕೊಂಡ ಒಂದಾದರೂ ಕುಟುಂಬ ಇರುತ್ತದೆ. ಕಾರಿನ ನಂಬರ್ ಪ್ಲೇಟು ನೋಡಿದರೆ ಬೆಂಗಳೂರು, ಹಾಸನ, ಚಾಮರಾಜನಗರ. ನನ್ನ ತಾತನನ್ನೂ ಅಜ್ಜಿಯನ್ನೂ ನಾವು ಬಿಟ್ಟದ್ದು ಅಲ್ಲೇ. ತಾತ ಹುಣಸೂರು ಕಡೆಯವರು. 1946ರಲ್ಲಿ ಮೇಷ್ಟ್ರ ಕೆಲಸಕ್ಕೆ ಅಂತ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು ಗಂಜಾಂಗೆ ಬಂದವರು, ಮತ್ತೆ ಎಲ್ಲೂ ಹೋಗಲಿಲ್ಲ. ಅಪ್ಪ ಹುಟ್ಟಿದ್ದು ಇಲ್ಲೇ, ನಾನು ಹುಟ್ಟಿದ್ದೂ ಇಲ್ಲೇ. ಹದಿನೇಳಕ್ಕೆ ಬೆಂಗಳೂರಿಗೆ ಓದಲು ಹೋದವನು ಅಲ್ಲೇ ಉಳಿದೆ. ಅಪ್ಪ ಹೋದ ಮೇಲೆ ಮನೆ ಮಾರಿದೆವು. ಅಂಜೂರದ ತೋಟದ ಜಾಗದಲ್ಲಿ ಈಗ ಕಲ್ಯಾಣ ಮಂಟಪ.

ಕೊನೆಗೆ ಅಕ್ಕನ ಮಗಳಿಗೆ ಮುಮ್ಮಡಿಯವರನ್ನು ಒಂದನೆಯದಾಗಿ, ಕೋಲ್ಕತಾದ ಹುಡುಗನನ್ನು ಎರಡನೆಯದಾಗಿ ಕೊಟ್ಟೆ. "ಇನ್ನೂ ಮೂರು, ಮಾಮ," ಅಂದಳು. "ಅಷ್ಟೇ ಇರೋದು." "ನೀವು ಐವತ್ತು ಅಂದ್ರಿ." ಅವಳು ಅಮ್ಮನ ಸಲಹೆ ಕೇಳಿ ಊರನ್ನು ಮೈಸೂರು ಅಂತ ಬದಲಾಯಿಸಿಕೊಂಡಳು. ಮೈಸೂರಿಗೆ ಐವರು ಹತ್ತು ನಿಮಿಷದಲ್ಲಿ ಸಿಕ್ಕರಂತೆ.

ಆಗಸ್ಟಿನಲ್ಲಿ ಕೆ.ಆರ್.ಎಸ್. ತುಂಬಿ ಗೇಟು ತೆಗೆದರು. ಟಿವಿಯಲ್ಲಿ ತೋರಿಸಿದ್ದನ್ನು ನೋಡಿ ಮನಸ್ಸು ತಡೆಯದೆ, ಶನಿವಾರ ಬೆಳಿಗ್ಗೆ ಬೈಪಾಸಿನಿಂದ ಇಳಿದು ಊರಿಗೆ ಹೋದೆ. ಸ್ನಾನಘಟ್ಟದ ಮೆಟ್ಟಿಲು ಮುಳುಗಿತ್ತು. ವೆಲ್ಲೆಸ್ಲಿ ಸೇತುವೆಯ ಮೇಲೆ ಕೆಂಪು ನೀರು, ಅದರ ಮೇಲೆ ಬಾಳೆಗಿಡ, ಪ್ಲಾಸ್ಟಿಕ್ ಕೊಡ, ಒಂದು ಚಪ್ಪಲಿ. ಪೊಲೀಸರು ಬ್ಯಾರಿಕೇಡ್ ಹಾಕಿದ್ದರು. ಇತ್ತ ಕಡೆ ಜಾತ್ರೆಯಷ್ಟು ಜನ, ಕಡಲೆಕಾಯಿ ಮಾರುವವನೂ ಬಂದಿದ್ದ. ಮೊಬೈಲ್ ಎತ್ತಿ ಹಿಡಿದ ಕೈಗಳ ನಡುವೆ ಒಬ್ಬ ಮುದುಕರು ಮಾತ್ರ ಕೈಕಟ್ಟಿ ನಿಂತು ನೀರನ್ನೇ ನೋಡುತ್ತಿದ್ದರು. ಪಂಚೆ, ಹೆಗಲ ಮೇಲೆ ಟವೆಲ್ಲು, ಎಂಬತ್ತರ ಮೇಲೆ ಇರಬೇಕು.

"ಯಾವೂರು ಸಾ ನಿಮ್ದು?"

"ಇದೇ ಊರು."

ಅವರು ನನ್ನನ್ನು ಚಪ್ಪಲಿಯಿಂದ ತಲೆವರೆಗೂ ನೋಡಿದರು. "ಕಂಡಂಗಿಲ್ವಲ್ಲ?"

"ಬೆಂಗಳೂರಲ್ಲಿದ್ದೀನಿ. ಹುಟ್ಟಿದ್ದು ಬೆಳೆದದ್ದೆಲ್ಲ ಇಲ್ಲೇ, ಗಂಜಾಂ."

"ಗಂಜಾಂನಾಗೆ ಯಾರ ಪೈಕಿ?"

ತಾತನ ಹೆಸರು ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿದರು. ಮುಖ ಅರಳಿತು. "ಓಹೋಹೋ, ಹುಣಸೂರು ಮೇಷ್ಟ್ರು ಮೊಮ್ಮಗನಾ! ಅಂಗನ್ನಿ ಮತ್ತೆ. ನಂಗೆ ಮಗ್ಗಿ ಏಳ್ಕೊಟ್ಟೋರು ಅವ್ರೇಯ. ನೀವು ಹುಣಸೂರೋರು."

"ಮತ್ತೆ ನೀವು?"

"ನಾವೂ ಗಂಜಾಂನೋರೇ." ಟವೆಲ್ಲಿನಿಂದ ಬಾಯಿ ಒರೆಸಿಕೊಂಡು ಮತ್ತೆ ಹೊಳೆ ಕಡೆ ತಿರುಗಿದರು. "ಮೂಲ ಶಿರಾ."